ನೀವು ಹೋಗದಿದ್ದರೆ ಆ ಕೆಲಸ ಯಾರು ಮಾಡುತ್ತಿದ್ದರು?

ಎಲ್ಲರಿಗೂ ನಮಸ್ಕಾರ. ಸಂಘದವರು ನನಗೆ ಕೊಟ್ಟ ವಿಷಯ ‘ಒಬ್ಬಳೇ ತಿರುಗಿದ ದೇಶಗಳು’. ಫೋಟೋ ತೋರಿಸಿ ಅಂತಲೂ ಹೇಳಿದ್ದರು. ತಂದಿದ್ದೇನೆ, ಸಮಯ ಉಳಿದರೆ ನೋಡೋಣ. ಆದರೆ ಈಗ ಹೊರಗೆ ಚಹಾ ಕುಡಿಯುವಾಗ ಒಂದು ಸುದ್ದಿ ಕಿವಿಗೆ ಬಿತ್ತು. ನಮ್ಮ ಮಾಟುಂಗಾದ ಇಬ್ಬರು ಹುಡುಗಿಯರು ರಜೆಯಲ್ಲಿ ಕಠ್ಮಂಡುವಿನ ಒಂದು ಅನಾಥಾಲಯಕ್ಕೆ ಸೇವೆ ಮಾಡಲು ಹೊರಟಿದ್ದಾರಂತೆ, ಏಜೆನ್ಸಿಗೆ ದುಡ್ಡೂ ಕಟ್ಟಿಯಾಗಿದೆಯಂತೆ. ಹಾಗಾಗಿ ಬರೆದುಕೊಂಡು ಬಂದ ಮಾತು ಪಕ್ಕಕ್ಕಿಟ್ಟು ಅದನ್ನೇ ಮೊದಲು ಹೇಳುತ್ತೇನೆ.

ದಯವಿಟ್ಟು ಹೋಗಬೇಡಿ. ನೇಪಾಳಕ್ಕೆ ಖಂಡಿತ ಹೋಗಿ. ಅನಾಥಾಲಯಕ್ಕೆ ಬೇಡ.

ಯಾಕೆ ಅಂತೀರಾ? ನೇಪಾಳ, ಕಾಂಬೋಡಿಯಾಗಳಲ್ಲಿ ಇಂಥ ಮನೆಗಳಲ್ಲಿರುವ ಬಹುಪಾಲು ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿದ್ದಾರೆ. ಓದಿಸುತ್ತೇವೆ ಅಂತ ನಂಬಿಸಿ ದೂರದ ಊರುಗಳಿಂದ ಕರೆತಂದ ಮಕ್ಕಳೂ ಅವರಲ್ಲಿದ್ದಾರೆ. ಹೊರದೇಶದವರು ದುಡ್ಡು ಹಿಡಿದು ಬರುತ್ತಾರೆ, ಅವರಿಗೆ ತೋರಿಸಲು ಮಕ್ಕಳು ಬೇಕು. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿ ತಡೆಯುವ ಕಾನೂನು ತಂದಾಗ ಇದನ್ನೂ ಅದರ ಲೆಕ್ಕಕ್ಕೆ ತೆಗೆದುಕೊಂಡಿತು. ಇನ್ನೊಂದು ಯೋಚಿಸಿ. ಇಲ್ಲಿ ಮುಂಬಯಿಯಲ್ಲಿ ಯಾರೋ ಗುರುತಿಲ್ಲದವರು ಬ್ಯಾಗ್ ಹೊತ್ತು ಬಂದು, ಮೂರು ವಾರ ನಿಮ್ಮ ಮಗುವಿಗೆ ಸ್ನಾನ ಮಾಡಿಸುತ್ತೇನೆ, ಮಲಗಿಸುತ್ತೇನೆ ಅಂದರೆ ಒಪ್ಪುತ್ತೀರಾ? ಮಗು ಹಚ್ಚಿಕೊಳ್ಳುವ ಹೊತ್ತಿಗೆ ಇವರು ಹೊರಟುಬಿಡುತ್ತಾರೆ, ಮುಂದಿನವರು ಬರುತ್ತಾರೆ.

ಎಲ್ಲಿಗೇ ಹೋದರೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ನಾನು ಬರದಿದ್ದರೆ ಈ ಕೆಲಸ ಯಾರು ಮಾಡುತ್ತಿದ್ದರು? ಊರಿನವರೇ ಕೂಲಿಗೆ ಮಾಡುತ್ತಿದ್ದರು ಅನ್ನುವುದಾದರೆ ನಾನು ಅವರ ಅನ್ನ ಕಿತ್ತುಕೊಂಡ ಹಾಗೆ. ಯಾರೂ ಮಾಡುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ ಅಂದರೆ ಅದು ನನ್ನ ಖುಷಿಗೆ ಹುಟ್ಟಿಸಿದ ಕೆಲಸ.

ಸಿಂಧುಪಾಲ್‌ಚೋಕ್ ಅಂತ ನೇಪಾಳದಲ್ಲಿ ಒಂದು ಜಿಲ್ಲೆ ಇದೆ, 2015ರ ಏಪ್ರಿಲ್ ಭೂಕಂಪದಲ್ಲಿ ತುಂಬಾ ಪೆಟ್ಟು ತಿಂದ ಜಿಲ್ಲೆ. ಅದಾಗಿ ಕೆಲವು ವರ್ಷಗಳ ನಂತರ ಅಲ್ಲೊಂದು ಹಳ್ಳಿಯಲ್ಲಿ ಇದ್ದೆ. ಶಾಲೆಗೆ ಹೋಗಿ, ಇಂಗ್ಲಿಷ್ ಹೇಳಿಕೊಡಲು ಜನ ಬೇಕಾ ಅಂತ ವಿಚಾರಿಸಿದೆ. ಮೇಷ್ಟ್ರು ಮಕ್ಕಳನ್ನು ಕರೆದು, ಹಾಡಿ ಅಂದರು. ಎಬಿಸಿ ಹಾಡು, ಬಣ್ಣಗಳ ಹಾಡು, ಕೈಕಾಲು ಮೂಗಿನ ಹಾಡು, ಎಲ್ಲವೂ ಬಾಯಿಪಾಠ. ‘ಪ್ರತಿ ತಿಂಗಳೂ ಒಬ್ಬರು ಬರುತ್ತಾರೆ, ಎಲ್ಲರೂ ಎಬಿಸಿಯಿಂದಲೇ ಶುರು ಮಾಡುತ್ತಾರೆ, ನಮ್ಮನ್ನು ಮುಂದಿನ ಪಾಠಕ್ಕೆ ಹೋಗಲು ಬಿಡುವುದೇ ಇಲ್ಲ’ ಅಂದರು. ಬೇಜಾರಿನಿಂದಲ್ಲ, ನಗುತ್ತಲೇ ಅಂದರು. ನಿಮಗೆ ಬೇರೆ ಏನು ಬರುತ್ತದೆ ಅಂತಲೂ ಕೇಳಿದರು. ಬ್ಯಾಂಕಿನಲ್ಲಿ ಕೆಲಸ ಅಂದೆ. ಅಷ್ಟೇ ಸಾಕಾಯಿತು, ಸಂಜೆಗೆ ಊರ ಹೆಂಗಸರ ಸಂಘದ ಲೆಕ್ಕದ ಪುಸ್ತಕ ನನ್ನ ಮುಂದೆ ಬಂತು.

ಆ ಪುಸ್ತಕ ಈಗಲೂ ಕಣ್ಣಿಗೆ ಕಟ್ಟಿದೆ. ಮೂಲೆಗಳಿಗೆಲ್ಲ ಎಣ್ಣೆ ಹತ್ತಿತ್ತು. ಸಾಲ ಕೊಟ್ಟಿದ್ದಕ್ಕೆ ಗೆರೆ, ತೀರಿಸಿದ್ದಕ್ಕೆ ಅಡ್ಡಗೆರೆ. ಆಡಿನ ಮರಿ ಮಾರಿ ತಿಂಗಳ ನಡುವೆ ಅರ್ಧ ಸಾಲ ತೀರಿಸಿದವಳಿಗೆ ಬಡ್ಡಿ ಹೇಗೆ ಹಾಕುವುದು ಅಂತಲೇ ಅವರಿಗೆ ಜಗಳ. ಅದೊಂದನ್ನು ಕೂತು ಬಿಡಿಸಿದೆವು. ನಾನು ಬರೆದುಕೊಡಲಿಲ್ಲ, ಅವರ ಕೈಯಲ್ಲೇ ಬರೆಸಿದೆ. ಒಬ್ಬ ಹುಡುಗಿ, ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಎಲ್ಲರಿಗಿಂತ ಬೇಗ ಹಿಡಿದಳು. ಮುಂದೆ ಪುಸ್ತಕ ಅವಳದೇ ಆಯಿತು.

ಅಲ್ಲಿ ನಾನು ಉಳಿದಿದ್ದ ಮನೆಯ ಅಡುಗೆಮನೆ ವಿಷಯ ಹೇಳದೆ ಇರಲಾಗದು, ಕ್ಷಮಿಸಿ, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಅಲ್ಲಿ ಕೋದೋ ಬೆಳೆಯುತ್ತಾರೆ, ನಮ್ಮ ರಾಗಿಯೇ. ಮಳೆಗಾಲದಲ್ಲಿ ಮುಸುಕಿನ ಜೋಳದ ಸಾಲಿನ ಮಧ್ಯೆ ಪೈರು ನೆಡುತ್ತಾರೆ. ರಾತ್ರಿ ಆ ಮನೆಯ ದೀದಿ ಢಿಂಡೋ, ಅಂದರೆ ನಮ್ಮ ಮುದ್ದೆಯಂಥದ್ದು, ಮಾಡಲು ಕಬ್ಬಿಣದ ಬಾಣಲೆಯಲ್ಲಿ ನೀರು ಕುದಿಸಿ, ಹಿಟ್ಟು ಉದುರಿಸುತ್ತಾ ಮರದ ಕೋಲಿನಲ್ಲಿ ತಿರುವುತ್ತಿದ್ದಳು. ನಾನು ಹಾಸನದ ಅಜ್ಜಿ ಮನೆಯಲ್ಲಿ ಬೆಳೆದವಳು, ಸುಮ್ನೆ ಕೂರಲಾಗಲಿಲ್ಲ. ಕೋಲು ಇಸಕೊಂಡು ಒಂದು ಗಂಟೂ ಇಲ್ಲದ ಹಾಗೆ ತೊಳಸಿದೆ. ಅವಳು ಬಾಗಿಲಿಗೆ ಹೋಗಿ ಪಕ್ಕದ ಮನೆಯವಳನ್ನು ಕೂಗಿ ಕರೆದು ತೋರಿಸಿದಳು! ಗುಂದ್ರುಕ್, ಅಂದರೆ ಹುಳಿ ಬರಿಸಿ ಒಣಗಿಸಿದ ಸೊಪ್ಪಿನ ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿದ್ದು ನೋಡಿ ಇನ್ನೂ ಇಬ್ಬರು ಬಂದರು. ಅವತ್ತಿನಿಂದ ನನ್ನನ್ನು ಅತಿಥಿ ಅಂತ ಯಾರೂ ನೋಡಲಿಲ್ಲ, ಕೆಲಸ ಹೇಳಲು ಶುರು ಮಾಡಿದರು.

ಹೀಗೆ ಬೇರೆ ದೇಶಕ್ಕೆ ಹೋಗಿ ಕೆಲಸಕ್ಕೆ ಕೈಜೋಡಿಸುವುದು ಹೊಸದೇನಲ್ಲ. 1920ರಲ್ಲಿ, ಮೊದಲ ಮಹಾಯುದ್ಧದಲ್ಲಿ ನೆಲಸಮವಾದ ಫ್ರಾನ್ಸಿನ ಒಂದು ಹಳ್ಳಿಯನ್ನು ಮತ್ತೆ ಕಟ್ಟಲು ಸ್ವಿಟ್ಜರ್ಲೆಂಡಿನ ಪಿಯೇರ್ ಸೆರೆಸೋಲ್ ಗೆಳೆಯರ ಗುಂಪು ಕಟ್ಟಿಕೊಂಡು ಹೋದರು, ಅದರಲ್ಲಿ ಜರ್ಮನ್ನರೂ ಇದ್ದರು. 1934ರ ಬಿಹಾರ ಭೂಕಂಪದ ನಂತರ ಅದೇ ಸೆರೆಸೋಲ್ ನಮ್ಮಲ್ಲಿಗೂ ಬಂದರು. ಅವರು ಎಂಜಿನಿಯರ್, ಅದನ್ನು ಮರೆಯಬೇಡಿ. ಆ ಕೆಲಸ ಬಲ್ಲವರು.

ಊಟ, ಹಾಸಿಗೆಗೆ ಪ್ರತಿಯಾಗಿ ತೋಟದಲ್ಲಿ ದಿನಕ್ಕೆ ನಾಲ್ಕೈದು ಗಂಟೆ ಕೆಲಸ ಮಾಡುವ ‘ವೂಫ್’ ನಿಮ್ಮಲ್ಲಿ ಹಲವರಿಗೆ ಗೊತ್ತು. 1971ರಲ್ಲಿ ಲಂಡನ್ನಿನ ಸೂ ಕೊಪಾರ್ಡ್ ಎಂಬ ಸೆಕ್ರೆಟರಿ ಶುರು ಮಾಡಿದ್ದು, ಪಟ್ಟಣದವರು ವಾರಾಂತ್ಯಕ್ಕಾದರೂ ಮಣ್ಣು ಮುಟ್ಟಲಿ ಅಂತ. ಒಳ್ಳೆಯದು, ಹೋಗಿ. ಆದರೆ ಅಲ್ಲೂ ಅದೇ ಪ್ರಶ್ನೆ ಕೇಳಿ. ಮತ್ತೆ ವೀಸಾ ನೋಡಿಕೊಳ್ಳಿ, ಸಂಬಳ ಇಲ್ಲದಿದ್ದರೂ ಇದನ್ನು ಕೆಲಸ ಅಂತಲೇ ಲೆಕ್ಕ ಹಾಕುವ ದೇಶಗಳಿವೆ, ಟೂರಿಸ್ಟ್ ವೀಸಾದಲ್ಲಿ ಹೋದರೆ ವಿಮಾನ ನಿಲ್ದಾಣದಿಂದಲೇ ವಾಪಸ್ ಕಳಿಸಬಹುದು.

ಚೀಟಿ ಬಂತು, ಐದು ನಿಮಿಷ ಅಂತೆ. ಆಫ್ರಿಕಾ ಪೂರ್ತಿ ಬಾಕಿ ಇದೆ. ಒಂದೇ ಮಾತು: ಕೆನ್ಯಾ, ಉಗಾಂಡಾ ಕಡೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಹತ್ತು ದಿನ ಮೊದಲೇ ಹಾಕಿಸಿಕೊಳ್ಳಿ. ಅದರ ಸರ್ಟಿಫಿಕೇಟ್ ಇಲ್ಲದೆ ವಾಪಸ್ ಬಂದರೆ ಇಲ್ಲೇ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು.

ಕೊನೆಗೆ ತಾಯಂದಿರ ಪ್ರಶ್ನೆ. ಹೆಣ್ಣು ಹುಡುಗಿ ಒಬ್ಬಳೇ ಹೇಗೆ ಅಂತ. ಈ ಸಭೆಯಲ್ಲಿ ಕೂತ ಹಿರಿಯರಲ್ಲಿ ಎಷ್ಟೋ ಜನ ಮೀಸೆ ಮೂಡುವ ಮೊದಲೇ ಮಂಗಳೂರಿನಿಂದ ಒಬ್ಬರೇ ಹೊರಟು ಈ ಊರಿಗೆ ಬಂದವರು. ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. ಮಾಮ, ನೀವು ಬಂದಾಗ ಫೋನೂ ಇರಲಿಲ್ಲ, ಅಲ್ವಾ? ನಿಮ್ಮ ಮೊಮ್ಮಗಳಿಗೆ ಇದೆ. ಹೊಸ ಊರಿಗೆ ಬೆಳಕಿರುವಾಗಲೇ ತಲುಪಲಿ, ಮೊದಲ ರಾತ್ರಿಯ ಹಾಸಿಗೆ ಇಲ್ಲಿಂದಲೇ ಗೊತ್ತು ಮಾಡಿರಲಿ, ಪಾಸ್‌ಪೋರ್ಟಿನ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಇರುವ ಮನೆ ಸರಿ ಅನಿಸದಿದ್ದರೆ ಅವತ್ತೇ ಹೊರಡಲು ಬೇಕಾದ ದುಡ್ಡು ಬೇರೆ ತೆಗೆದಿಟ್ಟಿರಲಿ. ಈ ಕೊನೆಯದು ಎಲ್ಲಕ್ಕಿಂತ ಮುಖ್ಯ, ದುಡ್ಡಿಲ್ಲದವಳು ಸಹಿಸಿಕೊಂಡು ಇದ್ದುಬಿಡುತ್ತಾಳೆ.

ಫೋಟೋಗೆ ಸಮಯ ಇಲ್ಲ. ಮೈಕ್ ಆ ಕಡೆ ಕೊಡಿ, ಹಿಂದಿನ ಸಾಲಿನಲ್ಲಿ ಯಾರೋ ಆಗಿನಿಂದ ಕೈ ಎತ್ತಿದ್ದಾರೆ.