ಮಾರ್ತಾ: ಕಾಲಲ್ಲಿ ಚೆಂಡು, ಕಾಲಡಿಯಲ್ಲಿ ನಿಲ್ಲದ ನೆಲ

ಕೇಳುಗರೆಲ್ಲರಿಗೂ ನಮಸ್ಕಾರ.

2010ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮಹಿಳಾ ವೃತ್ತಿಪರ ಫುಟ್‌ಬಾಲ್ ಲೀಗಿನ ಫೈನಲ್ ನಡೆಯಿತು. ಕ್ಯಾಲಿಫೋರ್ನಿಯಾದ ಗೋಲ್ಡ್ ಪ್ರೈಡ್ ತಂಡ 4-0 ಅಂತರದಿಂದ ಗೆದ್ದು ಕಪ್ ಎತ್ತಿತು. ಆ ಋತುವಿನಲ್ಲಿ ತಂಡಕ್ಕಾಗಿ 19 ಗೋಲು ಹೊಡೆದವರು ಬ್ರೆಜಿಲಿನ ಮಾರ್ತಾ. ಆಗ ಜಗತ್ತಿನ ಅತ್ಯುತ್ತಮ ಆಟಗಾರ್ತಿ ಎಂಬ ಫಿಫಾ ಪ್ರಶಸ್ತಿ ಸಾಲಾಗಿ ನಾಲ್ಕು ವರ್ಷ ಅವರದೇ ಆಗಿತ್ತು, ಐದನೆಯದು ಬರುವುದರಲ್ಲಿತ್ತು. ನವೆಂಬರ್ ಹೊತ್ತಿಗೆ ಆ ಚಾಂಪಿಯನ್ ತಂಡ ಬಾಗಿಲು ಹಾಕಿತು. ಕಪ್ ಗೆದ್ದು ಎರಡು ತಿಂಗಳೊಳಗೆ ಮಾರ್ತಾಗೆ ಕೆಲಸವಿಲ್ಲ.

ಅದಕ್ಕೆ ಹಿಂದಿನ ವರ್ಷವೂ ಆದದ್ದು ಇದೇ. ಮುಂದೆಯೂ ಆಗಲಿಕ್ಕಿತ್ತು. ಮಾರ್ತಾ ಬಗ್ಗೆ ಮಾತಾಡುವವರು ಅವರ ಎಡಗಾಲಿನ ಜಾದೂ ಹೇಳುತ್ತಾರೆ, ಗೋಲುಗಳ ಲೆಕ್ಕ ಹೇಳುತ್ತಾರೆ. ನಾನು ಈ ಹೊತ್ತು ಅದರ ಜೊತೆಗೆ ಇನ್ನೊಂದು ಲೆಕ್ಕವನ್ನೂ ಇಡಬೇಕೆಂದಿದ್ದೇನೆ. ಹೆಣ್ಣುಮಗಳೊಬ್ಬಳು ಫುಟ್‌ಬಾಲನ್ನೇ ಹೊಟ್ಟೆಪಾಡಾಗಿ ಮಾಡಿಕೊಂಡರೆ ಆ ಬದುಕು ಯಾವುದರ ಮೇಲೆ ನಿಂತಿರುತ್ತದೆ, ಎಲ್ಲಿ ಕುಸಿಯುತ್ತದೆ ಎಂಬ ಲೆಕ್ಕ.

ಮಾರ್ತಾ ವಿಯೇರಾ ದ ಸಿಲ್ವಾ ಹುಟ್ಟಿದ್ದು 1986ರ ಫೆಬ್ರವರಿ 19ರಂದು. ಊರು ದೋಯಿಸ್ ರಿಯಾಶೋಸ್, ಬ್ರೆಜಿಲಿನ ಈಶಾನ್ಯದ ಅಲಾಗೋವಾಸ್ ರಾಜ್ಯದ ಒಳನಾಡಿನ ಒಣಭೂಮಿ. ಮಗು ಇನ್ನೂ ಕೂಸಾಗಿದ್ದಾಗಲೇ ತಂದೆ ಮನೆ ಬಿಟ್ಟರು. ತಾಯಿ ದುಡಿದು ನಾಲ್ಕು ಮಕ್ಕಳನ್ನು ಸಾಕಿದರು. ಪ್ಲಾಸ್ಟಿಕ್ ಚೀಲ ಸುತ್ತಿ ಮಾಡಿದ ಚೆಂಡು, ಬರಿಗಾಲು, ಜೊತೆಗೆ ಆಡಲು ಹುಡುಗರು ಮಾತ್ರ. ಆಡುತ್ತಿದ್ದ ಟೂರ್ನಮೆಂಟಿನಿಂದ ಹುಡುಗಿ ಎಂಬ ಒಂದೇ ಕಾರಣಕ್ಕೆ ಅವರನ್ನು ಹೊರಗಿಟ್ಟದ್ದೂ ಉಂಟು.

ಇದು ಒಂದು ಊರಿನ ಸಣ್ಣತನ ಮಾತ್ರ ಆಗಿರಲಿಲ್ಲ. 1941ರಲ್ಲಿ ಬ್ರೆಜಿಲ್ ಸರ್ಕಾರ, ಹೆಣ್ಣಿನ ಪ್ರಕೃತಿಗೆ ಒಗ್ಗದ ಆಟಗಳನ್ನು ಹೆಂಗಸರು ಆಡಕೂಡದು ಎಂದು ಕಾನೂನನ್ನೇ ಮಾಡಿತ್ತು. ಫುಟ್‌ಬಾಲ್ ಆ ನಿಷೇಧಕ್ಕೆ ಒಳಪಟ್ಟಿತು. ನಿಷೇಧ ಹೋದದ್ದು 1979ರಲ್ಲಿ. ಏಳು ವಿಶ್ವಕಪ್ ಆಡಿದ ಬ್ರೆಜಿಲಿನ ಆಟಗಾರ್ತಿ ಫೊರ್ಮೀಗಾ ಹುಟ್ಟಿದ್ದು 1978ರಲ್ಲಿ. ಅಂದರೆ ಅವರು ಹುಟ್ಟಿದಾಗ ಅವರ ಆಟ ಅವರ ದೇಶದಲ್ಲಿ ಅಪರಾಧ. ಪೆಲೆಯ ನಾಡು ಮೂರು ವಿಶ್ವಕಪ್ ಗೆದ್ದ ಕಾಲವೆಲ್ಲ ಆ ನಿಷೇಧದ ಒಳಗೇ ಬರುತ್ತದೆ. ಹೀಗೆ ಸುಮಾರು ನಲವತ್ತು ವರ್ಷ ಹೆಣ್ಣುಮಕ್ಕಳ ಕ್ಲಬ್, ತರಬೇತುದಾರರು, ಲೀಗ್ ಯಾವುದೂ ಬೆಳೆಯಲಿಲ್ಲ.

ಹದಿನಾಲ್ಕನೇ ವಯಸ್ಸಿನಲ್ಲಿ ಮಾರ್ತಾ ಮೂರು ದಿನದ ಬಸ್ ಪ್ರಯಾಣ ಮಾಡಿ ರಿಯೋಗೆ ಹೋದರು. ವಾಸ್ಕೋ ದ ಗಾಮಾ ಕ್ಲಬ್ ಆಯ್ಕೆ ಮಾಡಿಕೊಂಡಿತು. ಸ್ವಲ್ಪ ಕಾಲದಲ್ಲೇ ಆ ಕ್ಲಬ್ಬಿನ ಮಹಿಳಾ ವಿಭಾಗ ಮುಚ್ಚಿತು. 2003ರ ವಿಶ್ವಕಪ್ಪಿನಲ್ಲಿ ಹದಿನೇಳರ ಈ ಹುಡುಗಿಯ ಆಟ ನೋಡಿದ ಸ್ವೀಡನ್ನಿನ ಊಮಿಯೋ ಕ್ಲಬ್ ಕರೆ ಕಳಿಸಿತು. ಊಮಿಯೋ ಧ್ರುವವೃತ್ತಕ್ಕೆ ಮುನ್ನೂರು ಕಿಲೋಮೀಟರಿನಷ್ಟು ಹತ್ತಿರದ ಊರು. ಭಾಷೆ ಬಾರದು, ಕಟಕಟ ಹಲ್ಲು ಕಡಿಸುವ ಚಳಿ. ಆದರೆ ಅಲ್ಲಿ ತಿಂಗಳ ಸಂಬಳವಿತ್ತು, ಮನೆಯಿತ್ತು, ಹದವಾದ ಮೈದಾನವಿತ್ತು. 2004ರಲ್ಲೇ ಯುರೋಪಿನ ಕಪ್. 2005ರಿಂದ 2008ರವರೆಗೆ ಸಾಲಾಗಿ ನಾಲ್ಕು ಲೀಗ್ ಪ್ರಶಸ್ತಿ. ಮಾರ್ತಾ ಸ್ವೀಡಿಷ್ ಕಲಿತರು, ಮುಂದೆ ಅಲ್ಲಿನ ಪೌರತ್ವವನ್ನೂ ಪಡೆದರು.

ಆಟ ಎಂಥದು ಎನ್ನುವುದಕ್ಕೆ ಒಂದೇ ಗೋಲು ಹೇಳುತ್ತೇನೆ. 2007ರ ಸೆಪ್ಟೆಂಬರ್ 27, ಚೀನಾದ ಹಾಂಗ್‌ಝೌ, ವಿಶ್ವಕಪ್ ಸೆಮಿಫೈನಲ್, ಎದುರಿಗೆ ಅಮೆರಿಕ. ಪೆನಾಲ್ಟಿ ಚೌಕದ ಎಡ ಅಂಚಿನಲ್ಲಿ ಮಾರ್ತಾ ಗೋಲಿಗೆ ಬೆನ್ನು ಹಾಕಿ ನಿಂತಿದ್ದಾರೆ, ಬೆನ್ನಿಗೆ ಅಂಟಿಕೊಂಡಂತೆ ರಕ್ಷಣಾ ಆಟಗಾರ್ತಿ. ಬಂದ ಚೆಂಡನ್ನು ನಿಲ್ಲಿಸಲೇ ಇಲ್ಲ. ಪಾದದಿಂದ ಹಗುರವಾಗಿ ಚಿಮ್ಮಿಸಿ ಎದುರಾಳಿಯ ಒಂದು ಪಕ್ಕದಿಂದ ಚೆಂಡು ಕಳಿಸಿದರು, ತಾವು ಇನ್ನೊಂದು ಪಕ್ಕದಿಂದ ತಿರುಗಿ ಓಡಿದರು. ಆಕೆ ಚೆಂಡು ನೋಡಬೇಕೋ ಮಾರ್ತಾರನ್ನು ನೋಡಬೇಕೋ ತಿಳಿಯುವ ಮೊದಲೇ ಎರಡೂ ಆಕೆಯ ಹಿಂದೆ ಕೂಡಿದ್ದವು. ಎರಡನೇ ರಕ್ಷಕಿ ಅಡ್ಡ ಬಂದರು. ಒಳಕ್ಕೆ ಕತ್ತರಿಸಿ, ಎಡಗಾಲಿನ ಈ ಆಟಗಾರ್ತಿ ಬಲಗಾಲಿನಿಂದ ಹೊಡೆದರು. ಬ್ರೆಜಿಲ್ 4-0. ಮೂರು ದಿನದ ನಂತರ ಶಾಂಘೈ ಫೈನಲ್‌ನಲ್ಲಿ ಇದೇ ಮಾರ್ತಾರ ಪೆನಾಲ್ಟಿಯನ್ನು ಜರ್ಮನಿಯ ಗೋಲ್‌ಕೀಪರ್ ನಾಡೀನ್ ಆಂಗೆರೆರ್ ತಡೆದರು. ಬ್ರೆಜಿಲ್ 2-0 ಸೋತಿತು. ಆ ವಿಶ್ವಕಪ್ ಮಾರ್ತಾಗೆ ಇಂದಿನವರೆಗೂ ಸಿಕ್ಕಿಲ್ಲ.

ಈಗ ಕ್ಲಬ್ಬುಗಳ ಮಾತಿಗೆ ಬರೋಣ. 2009ರಲ್ಲಿ ಮಾರ್ತಾ ಆಡಿದ್ದು ‘ಲಾಸ್ ಏಂಜಲೀಸ್ ಸೋಲ್’ ಎಂಬ ಅಮೆರಿಕದ ತಂಡಕ್ಕೆ. ಲೀಗಿನಲ್ಲಿ ಮೊದಲ ಸ್ಥಾನ, ಅತಿ ಹೆಚ್ಚು ಗೋಲು ಮಾರ್ತಾರದು. ಆದರೆ ತಂಡ ಆಡುತ್ತಿದ್ದದ್ದು 27,000 ಆಸನದ ಕ್ರೀಡಾಂಗಣದಲ್ಲಿ, ಬರುತ್ತಿದ್ದ ಜನ ಆರು ಸಾವಿರದ ಆಸುಪಾಸು. ಆರು ಸಾವಿರ ಜನ ಕಡಿಮೆಯೇನಲ್ಲ. ತೊಂದರೆ ಇರುವುದು ಖರ್ಚಿನಲ್ಲಿ. ಕ್ರೀಡಾಂಗಣದ ಬಾಡಿಗೆ, ದೀಪ, ಕಾವಲು, ವಿಮಾನ ಟಿಕೆಟ್, ಹೋಟೆಲ್, ಫಿಸಿಯೋ, ಸಂಬಳ, ಇವು ಜನ ಬಂದರೂ ಬಾರದಿದ್ದರೂ ಕೊಡಲೇಬೇಕಾದ ದುಡ್ಡು. ಟಿವಿ ಹಕ್ಕಿನ ಹಣ ಸಾಲದು. ಉಳಿದದ್ದು ಮಾಲೀಕರ ಜೇಬು. ಅವರು ಬೇಸತ್ತ ದಿನ ತಂಡ ಮುಗಿಯಿತು. 2010ರ ಜನವರಿಯಲ್ಲಿ ಸೋಲ್ ಮುಚ್ಚಿತು, ವರ್ಷದ ಕೊನೆಗೆ ಗೋಲ್ಡ್ ಪ್ರೈಡ್. 2011ರಲ್ಲಿ ಮಾರ್ತಾ ವೆಸ್ಟರ್ನ್ ನ್ಯೂಯಾರ್ಕ್ ಫ್ಲ್ಯಾಶ್‌ಗೆ ಆಡಿ ಮತ್ತೆ ಚಾಂಪಿಯನ್ ಆದರು. 2012ರಲ್ಲಿ ಇಡೀ ಲೀಗೇ ನಿಂತಿತು.

ಮರಳಿ ಸ್ವೀಡನ್, ಸ್ಟಾಕ್‌ಹೋಮ್ ಬಳಿಯ ತೀರೆಸೊ ಕ್ಲಬ್. ದೊಡ್ಡ ಹೆಸರಿನ ಆಟಗಾರ್ತಿಯರನ್ನೆಲ್ಲ ಕೂಡಿಸಿದ ತಂಡ. 2014ರ ಮೇ 22ರಂದು ಲಿಸ್ಬನ್‌ನಲ್ಲಿ ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಫೈನಲ್, ಜರ್ಮನಿಯ ವುಲ್ಫ್ಸ್‌ಬರ್ಗ್ ವಿರುದ್ಧ. ಮಾರ್ತಾ ಎರಡು ಗೋಲು ಹೊಡೆದರು, ತಂಡ 2-0 ಮುಂದಿತ್ತು, ಕೊನೆಗೆ 4-3ರಿಂದ ಸೋತಿತು. ಹಾಗೆ ಆಡುತ್ತಿದ್ದಾಗಲೇ ಕ್ಲಬ್ ಸಾಲದಲ್ಲಿ ಮುಳುಗಿತ್ತು. ಕೆಲವೇ ವಾರಗಳಲ್ಲಿ ದಿವಾಳಿಯಾಗಿ ಲೀಗಿನಿಂದ ಹೊರಬಿತ್ತು. ಆದಾಯಕ್ಕೆ ಮೀರಿದ ಸಂಬಳ ಒಪ್ಪಿಕೊಂಡು, ಒಬ್ಬಿಬ್ಬರು ಪ್ರಾಯೋಜಕರನ್ನೇ ನೆಚ್ಚಿಕೊಂಡ ಯಾವ ಕ್ಲಬ್ಬಿಗೂ ಬರುವ ಗತಿ ಇದು.

ಆದ್ದರಿಂದ ಒಪ್ಪಂದಕ್ಕೆ ಸಹಿ ಹಾಕುವ ಹುಡುಗಿಯರು ಸಂಬಳದ ಅಂಕಿಗಿಂತ ಮೊದಲು ನೋಡಬೇಕಾದ ಸಾಲುಗಳು ಬೇರೆ. ಗಾಯವಾಗಿ ಆಡದ ತಿಂಗಳುಗಳಲ್ಲಿ ಸಂಬಳ ಬರುತ್ತದೆಯೇ? ಶಸ್ತ್ರಚಿಕಿತ್ಸೆಯ ಖರ್ಚು ಯಾರದು, ಒಪ್ಪಂದ ಮುಗಿದ ಮೇಲೂ ಚಿಕಿತ್ಸೆ ಮುಂದುವರಿಯುತ್ತದೆಯೇ? ಕ್ಲಬ್ ಮುಚ್ಚಿದರೆ ಬಾಕಿ ಹಣಕ್ಕೆ ಯಾರು ಹೊಣೆ? ಮನೆ ಕ್ಲಬ್ಬಿನದಾದರೆ ಎಷ್ಟು ದಿನದಲ್ಲಿ ಖಾಲಿ ಮಾಡಬೇಕು? ಗರ್ಭಿಣಿಯಾದರೆ? ಈ ಕೊನೆಯದಕ್ಕೆ ಫಿಫಾ 2021ರಿಂದ ನಿಯಮ ಮಾಡಿದೆ: ಕನಿಷ್ಠ 14 ವಾರ ರಜೆ, ಅದರಲ್ಲಿ 8 ವಾರ ಹೆರಿಗೆಯ ನಂತರ, ಸಂಬಳದ ಮೂರನೇ ಎರಡು ಭಾಗವಾದರೂ ಕೊಡಬೇಕು.

2013ರಲ್ಲಿ ಅಮೆರಿಕದಲ್ಲಿ ಮತ್ತೊಂದು ಲೀಗ್, ಎನ್‌ಡಬ್ಲ್ಯುಎಸ್‌ಎಲ್, ಹುಟ್ಟಿತು. ಇದು ಉಳಿದದ್ದಕ್ಕೆ ಒಂದು ಮುಖ್ಯ ಕಾರಣವಿದೆ. ದೊಡ್ಡ ಸಂಬಳದ ರಾಷ್ಟ್ರೀಯ ಆಟಗಾರ್ತಿಯರ ಖರ್ಚನ್ನು ಆರಂಭದಲ್ಲಿ ಆಯಾ ದೇಶದ ಫುಟ್‌ಬಾಲ್ ಸಂಸ್ಥೆಗಳೇ ಹೊತ್ತವು. ಉಳಿದ ಆಟಗಾರ್ತಿಯರು ಮಾತ್ರ ಬೆಲೆ ತೆತ್ತರು: ಮೊದಲ ವರ್ಷ ಕನಿಷ್ಠ ಸಂಬಳ ಋತುವಿಗೆ 6,000 ಡಾಲರ್. ಆಟಗಾರ್ತಿಯರ ಸಂಘ ಹೋರಾಡಿ 2025ಕ್ಕೆ ಅದನ್ನು 48,500ಕ್ಕೆ ತಂದಿತು. ನನ್ನ ಮಟ್ಟಿಗೆ ಯಾವ ಕಪ್‌ಗಿಂತಲೂ ದೊಡ್ಡ ಗೆಲುವು ಇದು. ಮಾರ್ತಾ 2017ರಲ್ಲಿ ಈ ಲೀಗಿನ ಒರ್ಲ್ಯಾಂಡೋ ಪ್ರೈಡ್ ಸೇರಿದರು. 2018ರಲ್ಲಿ ಆರನೇ ಬಾರಿ ವಿಶ್ವದ ಶ್ರೇಷ್ಠ ಆಟಗಾರ್ತಿ. 2019ರ ವಿಶ್ವಕಪ್ಪಿನಲ್ಲಿ ಇಟಲಿ ವಿರುದ್ಧ ಹೊಡೆದದ್ದು ಅವರ 17ನೇ ವಿಶ್ವಕಪ್ ಗೋಲು. ಗಂಡಸರಲ್ಲೂ ಹೆಂಗಸರಲ್ಲೂ ಅಷ್ಟು ಹೊಡೆದವರು ಆಗ ಬೇರೆ ಯಾರೂ ಇರಲಿಲ್ಲ. ಆ ದಿನ ಅವರ ಬೂಟಿನ ಮೇಲೆ ಯಾವ ಕಂಪನಿಯ ಗುರುತೂ ಇರಲಿಲ್ಲ. ಗಂಡಸರಿಗೆ ಕೊಡುವುದಕ್ಕಿಂತ ತೀರಾ ಕಡಿಮೆ ಹಣದ ಒಪ್ಪಂದಗಳನ್ನು ಬೇಡವೆಂದು, ಸಮಾನತೆಯ ಚಿಹ್ನೆಯಿದ್ದ ಕಪ್ಪು ಬೂಟು ತೊಟ್ಟು ಆಡಿದ್ದರು.

ಕ್ಲಬ್ ಕುಸಿಯುವಂತೆ ಮಂಡಿಯೂ ಕುಸಿಯುತ್ತದೆ. 2022ರ ಮಾರ್ಚಿನಲ್ಲಿ, 36ನೇ ವಯಸ್ಸಿನಲ್ಲಿ, ಮಾರ್ತಾರ ಎಡ ಮಂಡಿಯ ಎಸಿಎಲ್ ಹರಿಯಿತು. ಎಸಿಎಲ್ ಎಂದರೆ ತೊಡೆಮೂಳೆಯನ್ನೂ ಮಂಡಿಯ ಕೆಳಗಿನ ಮೂಳೆಯನ್ನೂ ಮಂಡಿಯೊಳಗೆ ಓರೆಯಾಗಿ ಕಟ್ಟಿಹಿಡಿಯುವ ನಾರು. ಹೆಚ್ಚಿನ ಸಲ ಅದು ಹರಿಯುವುದು ಯಾರೋ ಗುದ್ದಿದ್ದಕ್ಕಲ್ಲ. ಓಡುತ್ತಾ ಪಾದ ಊರಿ ತಟ್ಟನೆ ತಿರುಗಿದಾಗ, ಜಿಗಿದು ಇಳಿಯುವಾಗ ಮಂಡಿ ಒಳಕ್ಕೆ ವಾಲಿದರೆ ಸಾಕು. ಹೆಣ್ಣುಮಕ್ಕಳಲ್ಲಿ ಇದು ಗಂಡುಮಕ್ಕಳಿಗಿಂತ ಎರಡು ಪಟ್ಟಿಗೂ ಹೆಚ್ಚು. ಸೊಂಟದ ಅಗಲ, ಸ್ನಾಯುಗಳ ಬಲ, ಹಾರ್ಮೋನು ಹೀಗೆ ಕಾರಣ ಹಲವು ಹೇಳುತ್ತಾರೆ; ಗಂಡಸರ ಪಾದಕ್ಕೆ ಅಚ್ಚುಮಾಡಿದ ಬೂಟು, ಚಿಕ್ಕಂದಿನಲ್ಲಿ ಸಿಗದ ತರಬೇತಿ ಕೂಡ ಅದರಲ್ಲಿ ಸೇರುತ್ತವೆ.

ಹರಿದ ನಾರು ತಾನಾಗಿ ಕೂಡುವುದು ಅಪರೂಪ. ತೊಡೆಯ ಹಿಂಭಾಗದಿಂದ ಅಥವಾ ಮಂಡಿಚಿಪ್ಪಿನ ಕೆಳಗಿನಿಂದ ನಾರಿನ ತುಂಡು ತೆಗೆದು ಹೊಸ ನಾರಾಗಿ ಕೂರಿಸುತ್ತಾರೆ. ಮೊದಲ ವಾರಗಳ ಕೆಲಸ ಬಾವು ಇಳಿಸುವುದು, ಮಂಡಿಯನ್ನು ಪೂರ್ತಿ ನೀಟಾಗಿ ಚಾಚಲು ಬರುವಂತೆ ಮಾಡುವುದು. ಇಲ್ಲಿ ಅಸಡ್ಡೆ ಮಾಡಿದರೆ ಮಂಡಿ ಮುಂದೆ ಸರಿಯಾಗಿ ಚಾಚದೆ ಉಳಿಯಬಹುದು. ಎರಡು ಮೂರು ತಿಂಗಳಿಗೆ ನೋವು ಹೋಗಿರುತ್ತದೆ, ಆಟಗಾರ್ತಿಗೆ ಓಡುವ ಆಸೆ. ಅಪಾಯ ಇರುವುದೇ ಆಗ, ಏಕೆಂದರೆ ಹೊಸ ನಾರಿಗೆ ರಕ್ತನಾಳ ಇನ್ನೂ ಕೂಡುತ್ತಿರುತ್ತದೆ, ಬಲ ಬಂದಿರುವುದಿಲ್ಲ. ನೇರ ಓಟ ಮೂರು ನಾಲ್ಕು ತಿಂಗಳ ಮೇಲೆ. ಪಂದ್ಯ ಒಂಬತ್ತು ತಿಂಗಳು ತುಂಬಿದ ಮೇಲೆ, ಅದೂ ಒಂಟಿಕಾಲಿನ ಜಿಗಿತದಲ್ಲಿ ಗಾಯದ ಕಾಲು ಒಳ್ಳೆಯ ಕಾಲಿನ ನೂರಕ್ಕೆ ತೊಂಬತ್ತರಷ್ಟಾದರೂ ಮುಟ್ಟಿದರೆ. ಮಾರ್ತಾ ಕಾದದ್ದು ಸುಮಾರು ಹನ್ನೊಂದು ತಿಂಗಳು.

ತಡೆಯುವ ದಾರಿ ಅಗ್ಗದ್ದು. ಫಿಫಾ 11+ ಎಂಬ ಅಭ್ಯಾಸ: 20 ನಿಮಿಷ, 15 ವ್ಯಾಯಾಮ, ವಾರಕ್ಕೆ ಕನಿಷ್ಠ ಎರಡು ಸಲ, ಅಭ್ಯಾಸದ ಮೊದಲು. ನಿಧಾನ ಓಟ, ಆಮೇಲೆ ಹೊಟ್ಟೆ ಬೆನ್ನು ತೊಡೆಗಳ ಬಲ, ಸಮತೋಲ, ಜಿಗಿತ, ಕೊನೆಗೆ ವೇಗದ ಓಟ. ನಮ್ಮ ಶಾಲೆ, ಕ್ರೀಡಾನಿಲಯಗಳಲ್ಲಿ ಹೆಣ್ಣುಮಕ್ಕಳಿಗೆ ಆಟ ಹೇಳಿಕೊಡುವವರಿಗೆ ನನ್ನ ಕೋರಿಕೆ ಇದೊಂದು: ಜಿಗಿದು ಇಳಿಯುವಾಗ ಮಂಡಿ ಪಾದದ ಬೆರಳಿನ ನೇರಕ್ಕೆ ಇದೆಯೇ ಎಂದು ದಿನವೂ ನೋಡಿ.

2024ರಲ್ಲಿ ಒರ್ಲ್ಯಾಂಡೋ ಲೀಗ್ ಅಗ್ರಸ್ಥಾನವನ್ನೂ ಫೈನಲನ್ನೂ ಗೆದ್ದಿತು, ನಾಯಕಿ ಮಾರ್ತಾ. ಫೈನಲ್ ನಡೆದದ್ದು ಕಾನ್ಸಾಸ್ ಸಿಟಿಯಲ್ಲಿ, ಮಹಿಳಾ ವೃತ್ತಿಪರ ತಂಡಕ್ಕೆಂದೇ ಕಟ್ಟಿದ 11,500 ಆಸನದ ಕ್ರೀಡಾಂಗಣದಲ್ಲಿ. ಲಾಸ್ ಏಂಜಲೀಸಿನ 27,000 ಆಸನದ ಮೈದಾನದ ಕಥೆ ನೆನಪಿಸಿಕೊಳ್ಳಿ.

2025ರ ಆಗಸ್ಟ್ 2, ಇಕ್ವೆಡಾರಿನ ಕೀಟೊ ನಗರ, ಸಮುದ್ರಮಟ್ಟದಿಂದ 2,850 ಮೀಟರ್ ಎತ್ತರ. ದಕ್ಷಿಣ ಅಮೆರಿಕದ ದೇಶಗಳ ಮಹಿಳಾ ಕಪ್ ಆದ ಕೊಪಾ ಅಮೆರಿಕದ ಫೈನಲ್, ಬ್ರೆಜಿಲಿನ ಎದುರಿಗೆ ಕೊಲಂಬಿಯಾ. 39ರ ಮಾರ್ತಾ ಬದಲಿ ಆಟಗಾರ್ತಿಯಾಗಿ ಇಳಿದಾಗ ಸೋಲು ಹತ್ತಿರವಿತ್ತು. ತೊಂಬತ್ತು ನಿಮಿಷ ಮುಗಿದು, ನಿಂತ ಆಟಕ್ಕೆಂದು ಸೇರಿಸಿದ ಸಮಯದ ಆರನೇ ನಿಮಿಷದಲ್ಲಿ ದೂರದಿಂದ ಹೊಡೆದು 3-3 ಮಾಡಿದರು. ಆಮೇಲಿನ ಅರ್ಧ ಗಂಟೆಯ ಹೆಚ್ಚುವರಿ ಆಟದಲ್ಲಿ ಇನ್ನೊಂದು ಗೋಲು. ಕೊಲಂಬಿಯಾ ಬಿಡಲಿಲ್ಲ, 4-4. ಪೆನಾಲ್ಟಿಗಳಲ್ಲಿ ಮಾರ್ತಾ ಹೊಡೆದ ಚೆಂಡನ್ನು ಕೀಪರ್ ತಡೆದರು, ಶಾಂಘೈಯಲ್ಲಿ ಆದ ಹಾಗೆಯೇ. ಮಾರ್ತಾರ ಕಣ್ಣಲ್ಲಿ ನೀರು. ಆದರೆ ಈ ಸಲ ಸಾಲಿನಲ್ಲಿ ಅವರ ಹಿಂದೆ ಕಿರಿಯರಿದ್ದರು. ಬ್ರೆಜಿಲಿನ ಕೀಪರ್ ಲೊರೆನಾ ಎದುರಾಳಿಯ ಹೊಡೆತ ತಡೆದರು, 5-4ರಿಂದ ಕಪ್ ಬ್ರೆಜಿಲಿಗೆ ಬಂತು. ಮುಂದಿನ ವಿಶ್ವಕಪ್ 2027ರಲ್ಲಿ, ಹೆಣ್ಣುಮಕ್ಕಳ ಆಟಕ್ಕೆ ಒಮ್ಮೆ ಕಾನೂನಿನ ಬೇಲಿ ಹಾಕಿದ್ದ ಅದೇ ಬ್ರೆಜಿಲಿನಲ್ಲಿ.

ನಮಸ್ಕಾರ.