ಹನ್ನೆರಡು ಲಕ್ಷದ ಕೆಲಸ, ಕೈಗೆ ಎಷ್ಟು?

ಕೇಳುಗರೆಲ್ಲರಿಗೂ ನಮಸ್ಕಾರ.

ಈಚೆಗೆ ದಾವಣಗೆರೆಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟಕ್ಕೆ ಕೂತಾಗ ಪಕ್ಕದಲ್ಲಿದ್ದ ಹೆಂಗಸೊಬ್ಬರಿಗೆ ನಾನು ಇಪ್ಪತ್ತು ವರ್ಷ ಮಾರ್ಕೆಟಿಂಗ್‌ನಲ್ಲಿ ಕೆಲಸ ಮಾಡಿದವನು ಅಂತ ಗೊತ್ತಾಯ್ತು. ಎಲೆಗೆ ಹೋಳಿಗೆ ಬೀಳುವ ಮೊದಲೇ ಕೇಳಿದರು. "ನಮ್ಮ ಹುಡುಗನಿಗೆ ಬೆಂಗಳೂರಿನಲ್ಲಿ ಮಾರ್ಕೆಟಿಂಗ್ ಮ್ಯಾನೇಜರ್ ಕೆಲಸ ಸಿಕ್ಕಿದೆ, ವರ್ಷಕ್ಕೆ 12 ಲಕ್ಷವಂತೆ. ಅಂದರೆ ತಿಂಗಳಿಗೆ ಒಂದು ಲಕ್ಷ ಆಯ್ತಲ್ವಾ?"

ಊಟ ಆದ ಮೇಲೆ ಹುಡುಗನೇ ಬಂದು ಆಫರ್ ಲೆಟರ್ ತೋರಿಸಿದ. ಅವನು ಐದು ವರ್ಷದಿಂದ ಹುಬ್ಬಳ್ಳಿಯಲ್ಲಿ ತಿಂಡಿ-ತಿನಿಸು ಮಾರುವ ಕಂಪನಿಯೊಂದರಲ್ಲಿದ್ದಾನೆ. ಅಲ್ಲಿ ಬಡ್ತಿ ಕೊಟ್ಟು 9 ಲಕ್ಷ ಮಾಡುತ್ತೇವೆ ಅಂದಿದ್ದಾರೆ. ಬೆಂಗಳೂರಿನದು 12. ಯಾವುದು ಅಂತ ಅವನ ಪ್ರಶ್ನೆ. ಕಲ್ಯಾಣ ಮಂಟಪದ ಮೆಟ್ಟಿಲ ಮೇಲೆ ಕೂತು ನಾವಿಬ್ಬರೂ ಹಾಕಿದ ಲೆಕ್ಕ ಇವತ್ತು ನಿಮ್ಮ ಮುಂದೆಯೂ ಹಾಕುತ್ತೇನೆ. ಮನೆಯಲ್ಲಿ ಬಿಬಿಎ, ಎಂಬಿಎ ಓದುವ ಮಕ್ಕಳಿದ್ದರೆ ಒಂದು ಪೆನ್ನು ಹಿಡಿದುಕೊಳ್ಳಿ.

12 ಲಕ್ಷ ಅನ್ನೋದು ಸಿಟಿಸಿ. ನಿಮ್ಮ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು ಅದು, ನಿಮ್ಮ ಸಂಬಳ ಅಲ್ಲ. ಅವನ ಲೆಟರ್‌ನಲ್ಲಿ ಶೇ 20 ವೇರಿಯಬಲ್ ಪೇ ಇತ್ತು. ಅಂದರೆ 2 ಲಕ್ಷ 40 ಸಾವಿರ ಟಾರ್ಗೆಟ್ ಮುಟ್ಟಿದರೆ ಮಾತ್ರ, ಅದೂ ವರ್ಷದ ಕೊನೆಗೆ. ಉಳಿದದ್ದು ತಿಂಗಳಿಗೆ 80 ಸಾವಿರ. ಇದರಲ್ಲಿ ಬೇಸಿಕ್, ಅಂದರೆ ಮೂಲ ವೇತನ, 50 ಸಾವಿರ. ಕಂಪನಿ ಕಟ್ಟುವ ಪಿಎಫ್ ಅದರ ಶೇ 12, ಅಂದರೆ 6 ಸಾವಿರ, ಈ 80ರ ಒಳಗೇ ಇದೆ. ಗ್ರಾಚುಟಿಗೆ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟಿಗೆ, ಅಂತ ಸುಮಾರು 2,400. ಆರೋಗ್ಯ ವಿಮೆಗೆ ಒಂದು ಸಾವಿರ. ಉಳಿಯಿತು 70,600. ಆಮೇಲೆ ಅವನ ಪಾಲಿನ ಪಿಎಫ್ ಇನ್ನೊಂದು 6 ಸಾವಿರ, ಕರ್ನಾಟಕದ ವೃತ್ತಿ ತೆರಿಗೆ 200. ಕೈಗೆ ಬರೋದು 64,400. ಹೊಸ ಪದ್ಧತಿಯಲ್ಲಿ ಇಷ್ಟು ಆದಾಯಕ್ಕೆ ಆದಾಯ ತೆರಿಗೆ ಬೀಳೋದಿಲ್ಲ, ಅದೊಂದು ನೆಮ್ಮದಿ.

ಪಿಎಫ್ ಎಲ್ಲೂ ಹೋಗೋದಿಲ್ಲ, ಅದು ನಿಮ್ಮದೇ ದುಡ್ಡು. ಗ್ರಾಚುಟಿ ಹಾಗಲ್ಲ. ಕಾಯಂ ನೌಕರರಿಗೆ ಸಾಮಾನ್ಯವಾಗಿ ಐದು ವರ್ಷ ತುಂಬಿದ ಮೇಲೇ ಸಿಗೋದು, ಆದರೆ ಮಾರ್ಕೆಟಿಂಗ್‌ನಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಕಂಪನಿ ಬದಲಿಸುವವರೇ ಜಾಸ್ತಿ, ಹಾಗಾಗಿ ಲೆಟರ್‌ನಲ್ಲಿ ಕಂಡ ಆ ಹಣವನ್ನು ಎಷ್ಟೋ ಜನ ಕಣ್ಣಲ್ಲೇ ನೋಡಿರೋದಿಲ್ಲ. ಇನ್ನು ವೇರಿಯಬಲ್. ನಾನು ಕೆಲಸ ಮಾಡಿದ ಒಂದು ಕಂಪನಿಯಲ್ಲಿ ನಮ್ಮ ತಂಡ ಟಾರ್ಗೆಟ್ ಮುಟ್ಟಿತ್ತು, ಆದರೆ ಕಂಪನಿಯ ಒಟ್ಟು ಲಾಭ ಕಡಿಮೆಯಾಯಿತು ಅಂತ ನಮಗೆ ಅರ್ಧವೂ ಕೊಡಲಿಲ್ಲ. ಆ ಹಣ ನಂಬಿಕೊಂಡು ಮನೆ ರಿಪೇರಿಗೆ ಸಾಲ ಮಾಡಿದ್ದೆ. ಆ ವರ್ಷ ಪಟ್ಟ ಕಷ್ಟ ಇನ್ನೂ ನೆನಪಿದೆ. ಅದಕ್ಕೇ ಹೇಳುತ್ತೇನೆ, ಮನೆ ಬಾಡಿಗೆ, ಇಎಂಐ ಎಲ್ಲವನ್ನೂ ತಿಂಗಳ ಸಂಬಳದ ಮೇಲೇ ಲೆಕ್ಕ ಹಾಕಿ.

ಸಂಬಳಕ್ಕಿಂತ ನನಗೆ ಮುಖ್ಯ ಅನಿಸುವ ಮಾತು ಇನ್ನೊಂದಿದೆ. ಮಾರ್ಕೆಟಿಂಗ್ ಮ್ಯಾನೇಜರ್ ಅನ್ನೋದು ಒಂದೇ ಕೆಲಸ ಅಲ್ಲ. ಬ್ರಿಟಾನಿಯಾ, ಐಟಿಸಿಯ ಆಹಾರ ವಿಭಾಗ, ಟೈಟನ್, ಹಿಮಾಲಯ ಇವೆಲ್ಲ ಬೆಂಗಳೂರಿನಿಂದಲೇ ನಡೆಯುತ್ತವೆ. ಇಂಥ ಕಡೆ ಬ್ರ್ಯಾಂಡ್ ಮ್ಯಾನೇಜರ್ ಅಂದರೆ ಬೆಲೆ, ಪ್ಯಾಕಿಂಗ್, ಜಾಹೀರಾತು, ಹೊಸ ರುಚಿ ಎಲ್ಲ ನೋಡಿಕೊಳ್ಳುವವರು. ಇಂಥ ಹುದ್ದೆಗಳು ಬೆರಳೆಣಿಕೆಯಷ್ಟು. ಹೆಚ್ಚಿನವು ದೊಡ್ಡ ಬಿ-ಸ್ಕೂಲ್‌ಗಳಿಂದಲೇ, ಅಂದರೆ ಹೆಸರಾಂತ ಎಂಬಿಎ ಕಾಲೇಜುಗಳಿಂದಲೇ, ತುಂಬುತ್ತವೆ. ಸಾಫ್ಟ್‌ವೇರ್ ಕಂಪನಿಯಲ್ಲಾದರೆ ಗಿರಾಕಿ ಅಮೆರಿಕದಲ್ಲಿ ಇರುತ್ತಾನೆ, ರಾತ್ರಿ ಮೀಟಿಂಗ್ ಇರುತ್ತದೆ, ಸಂಬಳವೂ ಜಾಸ್ತಿ. ಸ್ಟಾರ್ಟಪ್‌ನಲ್ಲಿ ದಿನವಿಡೀ ಗೂಗಲ್, ಇನ್‌ಸ್ಟಾಗ್ರಾಂ ಜಾಹೀರಾತಿನ ಖರ್ಚು ನೋಡಬೇಕು, ಒಂದು ರೂಪಾಯಿ ಹಾಕಿದರೆ ಎಷ್ಟು ಬಂತು ಅಂತ. 2022ರಿಂದ ಹೂಡಿಕೆ ಕಡಿಮೆಯಾದಾಗ ಅಲ್ಲಿ ಮೊದಲು ಕತ್ತರಿ ಬಿದ್ದ ಜಾಗಗಳಲ್ಲಿ ಮಾರ್ಕೆಟಿಂಗ್ ಬಜೆಟ್ಟೂ ಒಂದು. ಔಷಧ ಕಂಪನಿಯಲ್ಲಿ ದಾರಿ ಬೇರೆ, ಮೆಡಿಕಲ್ ರೆಪ್ ಆಗಿ ಬ್ಯಾಗು ಹಿಡಿದು ಡಾಕ್ಟರ ಬಾಗಿಲಲ್ಲಿ ಕಾದವರೇ ಮುಂದೆ ಏರಿಯಾ ಮ್ಯಾನೇಜರ್ ಆಗುತ್ತಾರೆ.

ಇನ್ನೂ ಒಂದು ಬಗೆ ಇದೆ. ಕಾರ್ಡಿನ ಮೇಲೆ ಮಾರ್ಕೆಟಿಂಗ್ ಮ್ಯಾನೇಜರ್ ಅಂತ ಇರುತ್ತದೆ, ಕೆಲಸ ಮಾತ್ರ ದಿನಕ್ಕೆ ನೂರು ಫೋನ್ ಮಾಡಿ ಸೈಟ್, ಕೋರ್ಸ್, ಪಾಲಿಸಿ ಮಾರೋದು. ಮಾರುವ ಕೆಲಸ ಕೀಳಲ್ಲ, ನಾನೂ ಅಲ್ಲಿಂದಲೇ ಬಂದವನು. ಆದರೆ ಹೇಳಿದ್ದು ಒಂದು, ಮಾಡಿಸೋದು ಇನ್ನೊಂದು ಆದಾಗ ಹುಡುಗರು ಆರು ತಿಂಗಳಲ್ಲಿ ಕುಗ್ಗಿಹೋಗುತ್ತಾರೆ. ಅದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಮುಂದೆ ಕೆಲಸ ಇರುತ್ತಾ ಅಂತ ತುಂಬಾ ಜನ ಕೇಳುತ್ತಾರೆ. ಎಐ ಬಂದ ಮೇಲೆ ಪೋಸ್ಟ್ ಬರೆಯೋದು, ಬ್ಯಾನರ್ ಮಾಡೋದು, ವರದಿ ತಯಾರಿಸೋದು, ಇಂಥ ಕೆಲಸಕ್ಕೆ ಮೊದಲಿನಷ್ಟು ಕೈ ಬೇಕಾಗೋದಿಲ್ಲ. ಹೊಸಬರು ಕಾಲಿಡುತ್ತಿದ್ದದ್ದೇ ಇಂಥ ಕೆಲಸದಿಂದ. ಅದಕ್ಕೇ ಹೊಸಬರ ಬಗ್ಗೆ ನನಗೆ ನಿಜಕ್ಕೂ ಚಿಂತೆ ಇದೆ. ನಾನು ಕಂಡಂತೆ ಸಾಧಾರಣ ಕಾಲೇಜಿನಲ್ಲಿ ಎಂಬಿಎ ಮುಗಿಸಿದವರಿಗೆ ಮೊದಲ ಸಂಬಳ ವರ್ಷಕ್ಕೆ ಮೂರರಿಂದ ಐದು ಲಕ್ಷದ ಆಸುಪಾಸು. ಅದಕ್ಕಾಗಿ ಎಂಟು ಹತ್ತು ಲಕ್ಷ ಸಾಲ ಮಾಡುವ ಮೊದಲು ಅಪ್ಪ ಅಮ್ಮ ಕೂತು ಯೋಚಿಸಬೇಕು. ಸರ್ಕಾರಿ ಸೀಟಿಗೆ ಪಿಜಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಇದೆ, ಅದನ್ನು ಬಿಡಬೇಡಿ.

ಆದರೆ ಒಂದು ಬಾಗಿಲು ದೊಡ್ಡದಾಗಿಯೇ ತೆರೆದಿದೆ. ನಮ್ಮ ನಂದಿನಿಯನ್ನೇ ನೋಡಿ. 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ಆಟಗಾರರ ಅಂಗಿ ಮೇಲೆ ಕನ್ನಡದಲ್ಲೇ ನಂದಿನಿ ಅಂತ ಇತ್ತು. ಅದೇ ವರ್ಷ ನವೆಂಬರ್‌ನಲ್ಲಿ ದೆಹಲಿಗೂ ಹಾಲು ಹೋಯಿತು. ನಂದಿನಿ ನಡೆಸುವ ಕೆಎಂಎಫ್‌ನಲ್ಲಿ, ಜಿಲ್ಲಾ ಹಾಲು ಒಕ್ಕೂಟಗಳಲ್ಲಿ ಮಾರುಕಟ್ಟೆ ವಿಭಾಗದ ಹುದ್ದೆಗಳಿವೆ. ಅಧಿಸೂಚನೆ ಬರುತ್ತದೆ, ಪರೀಕ್ಷೆ ಇರುತ್ತದೆ, ವೇತನ ಶ್ರೇಣಿ ಇರುತ್ತದೆ, ವೇರಿಯಬಲ್‌ನ ತಲೆನೋವಿಲ್ಲ.

ಹೊರಗಿನ ಕಂಪನಿಗಳಿಗೂ ಊರು ಗೊತ್ತಿರುವವರು ಬೇಕು. ಹಿಂದಿಯಿಂದ ಪದಕ್ಕೆ ಪದ ಇಟ್ಟು ಮಾಡಿದ ಕನ್ನಡ ಜಾಹೀರಾತು ಕೇಳಿ ನೀವೂ ಟಿವಿ ಮುಂದೆ ಬೇಸರಪಟ್ಟಿರುತ್ತೀರಿ. ಯುಗಾದಿಗೆ ಮೊದಲು ರಾಣೆಬೆನ್ನೂರಿನ ಅಂಗಡಿಯವನು ಏನು ತುಂಬಿಸುತ್ತಾನೆ, ಮೆಕ್ಕೆಜೋಳದ ದುಡ್ಡು ರೈತನ ಕೈಗೆ ಬಂದ ವಾರ ಯಾವುದು ಓಡುತ್ತದೆ, ಡಿಸ್ಟ್ರಿಬ್ಯೂಟರ್ ಯಾಕೆ ಸ್ಟಾಕ್ ಬೇಡ ಅನ್ನುತ್ತಿದ್ದಾನೆ, ಇದು ಯಾವ ಕಂಪ್ಯೂಟರಿಗೂ ಕೂತಲ್ಲೇ ಗೊತ್ತಾಗೋದಿಲ್ಲ. ಬೀಟ್‌ನಲ್ಲಿ, ಅಂದರೆ ಅಂಗಡಿಯಿಂದ ಅಂಗಡಿಗೆ, ನಡೆದವರಿಗೆ ಗೊತ್ತು.

ಆ ಹುಡುಗನಿಗೆ ಬೆಂಗಳೂರಿನ ಕಂಪನಿಯನ್ನು ಮೂರು ವಿಷಯ ಕೇಳು ಅಂತ ಹೇಳಿದ್ದೆ. ಹೋದ ಎರಡು ವರ್ಷ ವೇರಿಯಬಲ್ ಎಷ್ಟು ಶೇಕಡ ಕೊಟ್ಟಿದ್ದೀರಿ? ನನ್ನ ಕೈಯಲ್ಲಿ ಖರ್ಚು ಮಾಡೋದಕ್ಕೆ ಬಜೆಟ್ ಇರುತ್ತಾ, ಇಲ್ಲ ಬರೀ ಮಾರಾಟದ ಟಾರ್ಗೆಟ್ಟಾ? ನನಗಿಂತ ಮೊದಲು ಈ ಕುರ್ಚಿಯಲ್ಲಿ ಇದ್ದವರು ಯಾಕೆ ಬಿಟ್ಟರು? ಅವನು ಕೇಳಿದ. ಬಜೆಟ್ ಇಲ್ಲ ಅಂದರು. ಒಂದೂವರೆ ವರ್ಷದಲ್ಲಿ ಆ ಕುರ್ಚಿಯಿಂದ ಮೂವರು ಎದ್ದುಹೋಗಿದ್ದರು.

ಹುಬ್ಬಳ್ಳಿಯ 9 ಲಕ್ಷದಲ್ಲಿ ವೇರಿಯಬಲ್ ಬರೀ ಶೇ 5. ಬೇಸಿಕ್ 38 ಸಾವಿರ. ಅದೇ ರೀತಿ ಕಳೆದು ನೋಡಿದರೆ ಕೈಗೆ ಸುಮಾರು 59 ಸಾವಿರ. ಬೆಂಗಳೂರಿಗೂ ಅದಕ್ಕೂ ತಿಂಗಳಿಗೆ ಐದು ಸಾವಿರ ಚಿಲ್ಲರೆ ವ್ಯತ್ಯಾಸ. ಬೆಂಗಳೂರಿನ ಬಾಡಿಗೆ, ಅಡ್ವಾನ್ಸು ನಿಮಗೇ ಗೊತ್ತಲ್ಲ. ಮೊನ್ನೆ ಆ ಹುಡುಗ ಫೋನ್ ಮಾಡಿದ್ದ. ಹಿಂದೆ ಲಾರಿ ಹಾರ್ನ್, ಮಾತೇ ಸರಿಯಾಗಿ ಕೇಳಿಸಲಿಲ್ಲ. ಹಾವೇರಿ ಮಾರ್ಕೆಟ್‌ನಲ್ಲಿದ್ದೇನೆ ಸಾರ್, ಹೊಸ ಪ್ಯಾಕ್ ಬಂದಿದೆ, ಬೆಲೆ ನಾನು ಹೇಳಿದ್ದನ್ನೇ ಇಟ್ಟಿದ್ದಾರೆ ಅಂದ.

ನಮಸ್ಕಾರ.