ಭಾಷಣ ಪಕ್ಕಕ್ಕಿಡಿ, ಮೊದ್ಲು ಬಿಲ್ ತೋರ್ಸಿ

ನಮಸ್ಕಾರ ನಮಸ್ಕಾರ, ಎಲ್ರೂ ಹೇಗಿದೀರ. ಇವತ್ತು ಬೇರೇನೋ ಮಾತಾಡೋಣ ಅಂತಿದ್ದೆ, ಸ್ಕ್ರಿಪ್ಟೂ ಬರೆದಿಟ್ಟಿದ್ದೆ, ಆದ್ರೆ ಹೋದ ವಿಡಿಯೋ ಕೆಳಗೆ ಒಬ್ರು ಕಾಮೆಂಟ್ ಹಾಕಿದಾರೆ, ಅದನ್ನ ಮಲಗೋ ಮುಂಚೆ ಓದ್ದೆ, ಓದ್ಬಾರ್ದಿತ್ತು, ನಿದ್ದೆ ಹಾರಿಹೋಯ್ತು. ಏನಂತಾರೆ ಕೇಳಿ: "ಬ್ರೋ, ನೀವು ಎಲ್ಲಾದ್ರಲ್ಲೂ ತಪ್ಪೇ ಹುಡುಕ್ತೀರ. ದೊಡ್ಡ ದೊಡ್ಡ ದೇಶಗಳು ಇಂಟರ್ನೆಟ್ ಸ್ವಾತಂತ್ರ್ಯನ ತಮ್ಮ ವಿದೇಶಾಂಗ ನೀತೀಲೇ ಸೇರಿಸ್ಕೊಂಡಿವೆ, ವಿಶ್ವಸಂಸ್ಥೇಲಿ ನಿರ್ಣಯ ಪಾಸಾಗಿದೆ, ಕೆಲ್ಸ ನಡೀತಿದೆ." ಅದಕ್ಕೆ ಇನ್ನೂರು ಲೈಕು! ನನ್ ವಿಡಿಯೋಗೇ ಅಷ್ಟು ಬಂದಿಲ್ಲ ಕಣ್ರೀ.

ಕೆಲ್ಸ ನಡೀತಿದೆಯಂತೆ. ಸರಿ ಅಣ್ಣ, ಯಾವ ಕೆಲ್ಸ ಅಂತ ನೋಡೇಬಿಡೋಣ.

ನನ್ದು ಇವತ್ತು ಒಂದೇ ಮಾತು. ಯಾವ ದೇಶದ ಮಂತ್ರಿ ಯಾವ ವೇದಿಕೆ ಮೇಲೆ ನಿಂತು ಇಂಟರ್ನೆಟ್ ಬಗ್ಗೆ ಎಷ್ಟು ಚೆನ್ನಾಗಿ ಮಾತಾಡಿದ್ರು ಅನ್ನೋದು ನಂಗೆ ಬೇಡ. ಅದೇ ದೇಶದ ಕಂಪನಿ ಅದೇ ಹೊತ್ತಲ್ಲಿ ಯಾವ ಸರ್ಕಾರಕ್ಕೆ ಜನರ ಮೇಲೆ ಕಣ್ಣಿಡೋ ಯಾವ ಮಾಲು ಮಾರ್ತಿತ್ತು, ಮಾರೋಕೆ ಲೈಸೆನ್ಸ್ ಕೊಟ್ಟೋರು ಯಾರು, ದುಡ್ಡು ಎಷ್ಟು ಬಂತು, ಅದು ಬೇಕು. ಬಿಲ್ ತೋರ್ಸಿ. ಬಿಲ್ ಅಂದ್ರೆ ರಾಮನ ಕೈಲಿರೋ ಬಿಲ್ಲಲ್ಲ ಮತ್ತೆ, ಮಾಲು ಮಾರಿದ್ದಕ್ಕೆ ಕೊಡೋ ಬಿಲ್ಲು.

ಶುರು ಮಾಡೋಣ. 2010ರ ಜನವರಿ 21, ವಾಷಿಂಗ್ಟನ್, ನ್ಯೂಸಿಯಂ ಅಂತ ಪತ್ರಿಕೋದ್ಯಮದ ಒಂದು ಮ್ಯೂಸಿಯಂ. ಗೂಗಲ್ ಮೇಲೆ ಚೀನಾದಿಂದ ಸೈಬರ್ ದಾಳಿ ಆಗಿದೆ ಅಂತ ಸುದ್ದಿ ಹೊರಬಿದ್ದು ಹತ್ತು ದಿನಾನೂ ಆಗಿರ್ಲಿಲ್ಲ. ಅಮೆರಿಕದ ವಿದೇಶಾಂಗ ಸಚಿವೆ ಹಿಲರಿ ಕ್ಲಿಂಟನ್ ಅಲ್ಲಿ ನಿಂತು ಇಂಟರ್ನೆಟ್ ಸ್ವಾತಂತ್ರ್ಯದ ಬಗ್ಗೆ ಮಾತಾಡಿದ್ರು, ಜಗತ್ತಿಗೆ ಕನೆಕ್ಟ್ ಆಗೋದೂ ಒಂದು ಸ್ವಾತಂತ್ರ್ಯ ಅಂದ್ರು, ಇದು ನಮ್ಮ ವಿದೇಶಾಂಗ ನೀತಿಯ ಭಾಗ ಅಂದ್ರು. ಚೆನ್ನಾಗಿತ್ತು ಭಾಷಣ, ನಾನೂ ಕೇಳಿದೀನಿ. ಮುಂದಿನ ವರ್ಷವೇ, 2011ರಲ್ಲಿ, ಸಿರಿಯಾದಲ್ಲಿ ಜನ ಬೀದಿಗಿಳಿದು ಸರ್ಕಾರ ಅವರ ಮೇಲೆ ಗುಂಡು ಹಾರಿಸ್ತಿರೋ ಹೊತ್ತಲ್ಲಿ, ಅಲ್ಲಿನ ಇಂಟರ್ನೆಟ್ಟನ್ನ ಸೋಸ್ತಿದ್ದ, ಅಂದ್ರೆ ಜನ ಏನು ನೋಡ್ತಾರೆ ಅಂತ ಕಾಯ್ತಾ ಬೇಡದ್ದನ್ನ ತಡೀತಿದ್ದ ಪೆಟ್ಟಿಗೆಗಳು ಯಾವ ಕಂಪನೀದು ಅಂತ ಬಯಲಾಯ್ತು. ಬ್ಲೂ ಕೋಟ್. ಎಲ್ಲಿಯ ಕಂಪನಿ? ಕ್ಯಾಲಿಫೋರ್ನಿಯಾ! ಇರಾಕ್‌ಗೆ ಅಂತ ಹೇಳಿ ದುಬೈ ಡೀಲರ್ ಮೂಲಕ ಹೋದ ಮಾಲು ಸಿರಿಯಾ ಸೇರಿತ್ತು. 2013ರಲ್ಲಿ ಆ ಡೀಲರ್‌ಗೆ 28 ಲಕ್ಷ ಡಾಲರ್ ದಂಡ ಬಿತ್ತು, ಹೂಂ ಬಿತ್ತು, ಪೆಟ್ಟಿಗೆ ತನ್ನ ಕೆಲ್ಸ ಮುಗಿಸಿದ ಮೇಲೆ. ಅಂದಹಾಗೆ ಆ ಭಾಷಣ ನಡೆದ ಮ್ಯೂಸಿಯಂ ಇತ್ತಲ್ಲ, 2019ರ ಕೊನೇಲಿ ಅದೂ ಬಾಗಿಲು ಹಾಕ್ತು.

ಅಮೆರಿಕ ಒಂದನ್ನೇ ಬೈತೀಯ ಅಂತ ಕಾಮೆಂಟ್ ಬರ್ಬಾರ್ದು ಅಂತ ಈಗ ಫ್ರಾನ್ಸ್. 2011ರ ಮೇ ತಿಂಗಳು, ಪ್ಯಾರಿಸ್‌ನಲ್ಲಿ ಅಧ್ಯಕ್ಷ ಸಾರ್ಕೋಜಿ ಇ-ಜಿ8 ಅಂತ ಇಂಟರ್ನೆಟ್ ದಿಗ್ಗಜರನ್ನೆಲ್ಲ ಕರೆದು ಸಭೆ ಮಾಡ್ತಾರೆ. ಅದೇ ವರ್ಷ ಆಗಸ್ಟ್, ಲಿಬಿಯಾದ ಸರ್ವಾಧಿಕಾರಿ ಗದ್ದಾಫಿ ಓಡಿಹೋದ ಮೇಲೆ ಪತ್ರಕರ್ತರು ಟ್ರಿಪೋಲಿಯಲ್ಲಿ ಒಂದು ಕಟ್ಟಡದ ಒಳಗೆ ಹೋಗಿ ನೋಡ್ತಾರೆ, ಜನರ ಈಮೇಲ್, ಚಾಟ್ ಎಲ್ಲ ಕದ್ದು ಓದೋ ಕೇಂದ್ರ. ಮಾಲು ಯಾರ್ದು? ಅಮೆಸಿಸ್ ಅನ್ನೋ ಫ್ರೆಂಚ್ ಕಂಪನೀದು. ಈ ಕಡೆಯಿಂದ ಫ್ರಾನ್ಸಿನ ವಿಮಾನ ಗದ್ದಾಫಿ ಮೇಲೆ ಬಾಂಬ್ ಹಾಕ್ತಿದೆ, ಆ ಕಡೆ ಫ್ರಾನ್ಸಿನ ಮಷೀನಲ್ಲೇ ಗದ್ದಾಫಿ ಕಡೆಯೋರು ಜನರ ಪತ್ರ ಓದಿದಾರೆ! ಮಗೂನ ಚಿವುಟೋದೂ ಇವರೇ, ತೊಟ್ಟಿಲು ತೂಗೋದೂ ಇವರೇ. ಚಿತ್ರಹಿಂಸೆಗೆ ನೆರವಾದ್ರು ಅಂತ ಆ ಕಂಪನಿಯ ಮೇಲಿನವರ ಮೇಲೆ ಪ್ಯಾರಿಸ್‌ನಲ್ಲಿ ಆರೋಪ ಹೊರಿಸಿದ್ದು ಯಾವಾಗ ಗೊತ್ತಾ? 2021. ಹತ್ತು ವರ್ಷ ಸ್ವಾಮಿ, ಹತ್ತು ವರ್ಷ.

ಈಗ ನಮ್ಮ ಕಾಮೆಂಟ್ ಅಣ್ಣನ ಪ್ರೀತಿಯ ನಿರ್ಣಯಕ್ಕೆ ಬರೋಣ. 2012ರ ಜುಲೈ 5, ಜಿನೀವಾ, ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ. ಆಫ್‌ಲೈನ್‌ನಲ್ಲಿ ಜನಕ್ಕೆ ಏನೇನ್ ಹಕ್ಕಿದೆಯೋ ಆನ್‌ಲೈನ್‌ನಲ್ಲೂ ಅದೇ ಹಕ್ಕು ಕಾಪಾಡ್ಬೇಕು ಅಂತ ನಿರ್ಣಯ. ವೋಟಿಂಗೇ ಇಲ್ಲ, ಎಲ್ರೂ ಒಪ್ಪಿದ್ರು. ಚೀನಾ ಕೂತಿತ್ತು, ಕ್ಯೂಬಾ ಕೂತಿತ್ತು, ಅವೂ ಬೇಡ ಅನ್ಲಿಲ್ಲ. ಇಂಟರ್ನೆಟ್ ಸ್ವಾತಂತ್ರ್ಯದ ನಿರ್ಣಯಕ್ಕೆ ಚೀನಾನೇ ತಲೆ ಆಡಿಸ್ತು ಅಂದ್ರೆ ಅದು ಹಲ್ಲು ಕಿತ್ತ ಹಾವು ಅಂತ ಬೇರೆ ಹೇಳ್ಬೇಕಾ? ಇನ್ನೂ ಮಜಾ ಇದೆ. ಈ ನಿರ್ಣಯಕ್ಕೆ ಮುಂದೆ ನಿಂತು ಓಡಾಡಿದ ದೇಶ ಸ್ವೀಡನ್. ಅದಕ್ಕೆ ಬರೀ ಮೂರು ತಿಂಗಳ ಹಿಂದೆ, ಏಪ್ರಿಲ್‌ನಲ್ಲಿ, ಸ್ವೀಡನ್ನಿನದೇ ಟಿವಿಯೋರು ತನಿಖೆ ಮಾಡಿ ತೋರಿಸಿದ್ರು: ಟೆಲಿಯಾಸೊನೆರಾ ಅನ್ನೋ ಅವರ ಟೆಲಿಕಾಂ ಕಂಪನಿ ಉಜ್ಬೇಕಿಸ್ತಾನ್, ಬೆಲಾರುಸ್, ಅಜರ್‌ಬೈಜಾನ್ ಅಂಥ ಕಡೆ ಗುಪ್ತಚರದವರಿಗೆ ತನ್ನ ನೆಟ್‌ವರ್ಕ್ ಒಳಗೇ ನೇರ ದಾರಿ ಬಿಟ್ಟುಕೊಟ್ಟಿದೆ ಅಂತ. ಆ ಕಂಪನೀಲಿ ಅತಿ ದೊಡ್ಡ ಪಾಲುದಾರ ಯಾರು? ಸ್ವೀಡನ್ ಸರ್ಕಾರ! ಆಗ ಶೇಕಡಾ 37ರಷ್ಟು ಷೇರು! ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಇಲ್ಲಿ ಪುರಾಣ ಜಿನೀವಾದಲ್ಲಿ, ಬದನೆಕಾಯಿ ತಾಷ್ಕೆಂಟಲ್ಲಿ.

ಹಾಗಾಗಿ ಬಿಲ್ ತೋರ್ಸಿ ಅನ್ನೋದು. ಇಲ್ಲೊಂದು ಬ್ರೇಕ್, ಸಬ್‌ಸ್ಕ್ರೈಬ್ ಮಾಡಿಲ್ಲ ಅಂದ್ರೆ ಮಾಡಿ, ನೋಡೋರಲ್ಲಿ ಅರ್ಧಕ್ಕರ್ಧ ಜನ ಮಾಡಿರಲ್ಲ, ನಂಗೆ ಕಾಣ್ಸುತ್ತೆ. ಬೆಲ್ ಒತ್ತಿ, ಬಿಲ್ ಕೇಳಿ. ಚೆನ್ನಾಗಿದೆ ಅಲ್ವಾ, ಟೀಶರ್ಟ್ ಮೇಲೆ ಹಾಕ್ಸಣ ಅಂತಿದೀನಿ.

ಒಬ್ಬ ಮನುಷ್ಯನ ಕತೆ ಹೇಳ್ತೀನಿ, ಇದನ್ನ ಸ್ವಲ್ಪ ಗಮನ ಇಟ್ಟು ಕೇಳಿ, ತಮಾಷೆ ಇಲ್ಲ. ಅಹ್ಮದ್ ಮನ್ಸೂರ್. ಯುಎಇಯವರು, ಇಂಜಿನಿಯರ್, ಕವಿ, ಮಾನವ ಹಕ್ಕುಗಳ ಬಗ್ಗೆ ಬಾಯಿ ಬಿಟ್ಟು ಮಾತಾಡ್ತಿದ್ದ ಮನುಷ್ಯ. 2011ರಲ್ಲಿ ಇವರ ಹಿಂದೆ ಬಿಟ್ಟ ಬೇಹುಗಾರಿಕೆ ಸಾಫ್ಟ್‌ವೇರ್ ಫಿನ್‌ಫಿಶರ್, ಅದು ಬ್ರಿಟನ್-ಜರ್ಮನಿ ಕಡೆಯ ಮಾಲು. 2012ರಲ್ಲಿ ಹ್ಯಾಕಿಂಗ್ ಟೀಮ್ ಅನ್ನೋ ಕಂಪನೀದು, ಇಟಲಿ. 2016ರ ಆಗಸ್ಟ್‌ನಲ್ಲಿ ಇವರ ಐಫೋನ್‌ಗೆ ಮೆಸೇಜ್ ಬರುತ್ತೆ, ಯುಎಇ ಜೈಲುಗಳಲ್ಲಿ ನಡೆಯೋ ಚಿತ್ರಹಿಂಸೆಯ ಗುಟ್ಟು ಗೊತ್ತಾಗ್ಬೇಕಾ, ಈ ಲಿಂಕ್ ಒತ್ತಿ ಅಂತ. ಎರಡು ಸಲ ಸುಟ್ಟುಕೊಂಡ ಮನುಷ್ಯ, ಒತ್ಲಿಲ್ಲ, ಇಂಥ ಬೇಹುಗಾರಿಕೆ ಪತ್ತೆ ಹಚ್ಚೋ ಟೊರೊಂಟೊದ ಸಿಟಿಜನ್ ಲ್ಯಾಬ್‌ಗೆ ಕಳಿಸಿದ್ರು. ಬಿಚ್ಚಿ ನೋಡಿದ್ರೆ ಪೆಗಾಸಸ್, ಫೋನ್ ಒಳಗೆ ನುಗ್ಗಿ ಎಲ್ಲ ಕದ್ದು ನೋಡೋ ಸಾಫ್ಟ್‌ವೇರ್, ಇಸ್ರೇಲಿನ ಎನ್‌ಎಸ್‌ಒ ಕಂಪನೀದು. ಆಪಲ್ ಗಾಬರಿ ಬಿದ್ದು ಐಫೋನ್‌ಗೆಲ್ಲ ಅಪ್‌ಡೇಟ್ ಬಿಡ್ತು, ಅಂದ್ರೆ ಆ ವ್ಯಕ್ತಿ ಒಂದು ಲಿಂಕ್ ಒತ್ತದೇ ಇದ್ದಿದ್ರಿಂದ ಜಗತ್ತಿನ ಎಲ್ಲ ಐಫೋನಿಗೂ ಉಪಕಾರ ಆಯ್ತು. ಅವರಿಗೇನಾಯ್ತು? 2017ರ ಮಾರ್ಚ್‌ನಲ್ಲಿ ಬಂಧನ, 2018ರಲ್ಲಿ ಹತ್ತು ವರ್ಷ ಜೈಲು ಶಿಕ್ಷೆ.

ಒಬ್ಬ ಮನುಷ್ಯ, ಮೂರು ಅಂಗಡಿ ಮಾಲು. ಮೂರೂ ಅಂಗಡಿ ಇದ್ದದ್ದು ನಾವು ಪ್ರಜಾಪ್ರಭುತ್ವ ಅಂತ ಎದೆ ತಟ್ಕೊಳ್ಳೋ ದೇಶಗಳಲ್ಲಿ. ಎನ್‌ಎಸ್‌ಒ ಮಾಲು ಹೊರಗೆ ಹೋಗ್ಬೇಕಂದ್ರೆ ಇಸ್ರೇಲ್ ರಕ್ಷಣಾ ಇಲಾಖೆಯ ಲೈಸೆನ್ಸ್ ಬೇಕೇ ಬೇಕು. ಲೈಸೆನ್ಸ್ ಮೇಲೆ ಸಹಿ ಹಾಕೋದೇ ವಿದೇಶಾಂಗ ನೀತಿ ಸ್ವಾಮಿ! ಭಾಷಣ ಅಲ್ಲ! ಆ ಸಹಿ!

ಬಿಲ್ ಸಿಕ್ಕಿದ್ದೂ ಇದೆ ಒಂದು ಸಲ. 2015ರ ಜುಲೈನಲ್ಲಿ ಆ ಇಟಲಿ ಹ್ಯಾಕಿಂಗ್ ಟೀಮನ್ನೇ ಯಾರೋ ಹ್ಯಾಕ್ ಮಾಡಿ 400 ಜಿಬಿ ಹೊರಗೆ ಸುರಿದ್ರು. ಸುಡಾನ್ ಜೊತೆ ವ್ಯವಹಾರ ಇಲ್ಲ ಅಂತ ವಿಶ್ವಸಂಸ್ಥೆಗೇ ಬರೆದುಕೊಟ್ಟಿದ್ದ ಕಂಪನಿ ಅದು. ಒಳಗೆ ಏನಿತ್ತು? ಸುಡಾನಿನ ಗುಪ್ತಚರ ಸಂಸ್ಥೆ ಹೆಸರಲ್ಲಿ 2012ರ ಬಿಲ್, 4,80,000 ಯೂರೊ. ನಾನು ಕೇಳ್ತಿರೋ ಬಿಲ್ಲೇ ಅದು! ಇಟಲಿ ಸರ್ಕಾರ ಅವರ ರಫ್ತು ಲೈಸೆನ್ಸ್ ಕಿತ್ಕೊಂಡಿದ್ದು ಆಮೇಲೆ, 2016ರಲ್ಲಿ. ವಿದೇಶಾಂಗ ನೀತಿಯ ಕೆಲ್ಸನ ಯಾವನೋ ಹ್ಯಾಕರ್ ಮಾಡ್ಬೇಕಾಯ್ತು.

ಈಗ ಬರ್ತಾವೆ ನೋಡಿ ವಾದಗಳು. "ನಾವು ಮಾರದಿದ್ರೆ ಚೀನಾ ಮಾರುತ್ತೆ." ಆಹಾ. ಕಳ್ಳ ಕಟಕಟೇಲಿ ನಿಂತು, ನಾನು ಕದೀದಿದ್ರೆ ಇನ್ನೊಬ್ಬ ಕದೀತಿದ್ದ ಸ್ವಾಮಿ ಅಂದ ಹಾಗಾಯ್ತು. ಮುಂದಿಂದು: "ಭಯೋತ್ಪಾದಕರನ್ನ ಹಿಡಿಯೋಕೆ ಬೇಕಲ್ಲ." ಮನ್ಸೂರ್ ಯಾವ ಬಾಂಬ್ ಇಟ್ಟಿದ್ರಪ್ಪ? ಮುಂದಿಂದು: "ಅಮೆರಿಕ ಟಾರ್‌ಗೆ ದುಡ್ಡು ಕೊಟ್ಟಿದೆಯಲ್ಲ." ಕೊಟ್ಟಿದೆ, ಟಾರ್ ಅಂದ್ರೆ ಯಾರು ಅಂತ ಗೊತ್ತಾಗದ ಹಾಗೆ ಇಂಟರ್ನೆಟ್ ಬಳಸೋ ಸಾಫ್ಟ್‌ವೇರ್, ಅದು ಹುಟ್ಟಿದ್ದೇ ಅವರ ನೌಕಾಪಡೆಯ ಲ್ಯಾಬಲ್ಲಿ, ಒಳ್ಳೇ ಕೆಲ್ಸ, ಚಪ್ಪಾಳೆ, ಆಯ್ತಾ? 2013ರಲ್ಲಿ ಅಮೆರಿಕದ ಗುಪ್ತಚರಕ್ಕೆ ಕೆಲ್ಸ ಮಾಡ್ತಿದ್ದ ಸ್ನೋಡೆನ್ ಬಿಚ್ಚಿಟ್ಟಿದ್ದು ಯಾರ ಕತೇನ ಅಂತಾನೂ ಅದೇ ಉಸಿರಲ್ಲಿ ಹೇಳಿ. ಜರ್ಮನಿಯ ಆಗಿನ ಚಾನ್ಸೆಲರ್ ಮರ್ಕೆಲ್ ಫೋನನ್ನ ಅಮೆರಿಕ ಕದ್ದು ಕೇಳ್ತಿತ್ತು ಅನ್ನೋ ಸುದ್ದಿ ನೆನಪಿದೆ ತಾನೇ.

ಮಾರೋದರಲ್ಲಿ ಧಾರಾಳಿಗಳು ಅಂದ್ಕೊಂಡ್ರಾ, ಮಾರಬೇಕಾದ್ದನ್ನ ಮಾರಲ್ಲ ಇವರು. ಇರಾನ್ ಮೇಲೆ ಅಮೆರಿಕದ ನಿರ್ಬಂಧ ಇತ್ತಲ್ಲ, 2018ರ ಡಿಸೆಂಬರ್‌ನಲ್ಲಿ ಸ್ಲ್ಯಾಕ್ ಅನ್ನೋ ಆಫೀಸ್ ಚಾಟ್ ಆ್ಯಪ್ ಕಂಪನಿ ಇರಾನಿಗೆ ಸುಮ್ನೆ ಹೋಗಿಬಂದೋರ ಅಕೌಂಟ್ ಕೂಡ ಮುಚ್ಚಿ ಆಮೇಲೆ ಕ್ಷಮೆ ಕೇಳ್ತು. 2019ರಲ್ಲಿ ಕೋಡ್ ಇಟ್ಟು ಹಂಚ್ಕೊಳ್ಳೋ ತಾಣ ಗಿಟ್‌ಹಬ್ ಇರಾನಿನ ಡೆವಲಪರ್‌ಗಳ ಖಾತೆಗೆ ಬೀಗ ಹಾಕ್ತು, ಅಮೆರಿಕ ಸರ್ಕಾರದ ಲೈಸೆನ್ಸ್ ಸಿಕ್ಕಿ ಪೂರ್ತಿ ತೆಗೆದಿದ್ದು 2021ರ ಜನವರೀಲಿ. ಎಮ್ಮೆಗೆ ಜ್ವರ, ಎತ್ತಿಗೆ ಬರೆ. ಅಲ್ಲಿನ ಸರ್ಕಾರದ ಮೇಲೆ ಸಿಟ್ಟು, ಕೋಡ್ ಬರೆಯೋ ಹುಡುಗನ ಖಾತೆ ಬಂದ್. 2022ರ ಸೆಪ್ಟೆಂಬರ್‌ನಲ್ಲಿ ತಲೆವಸ್ತ್ರದ ವಿಚಾರಕ್ಕೆ ಇರಾನ್ ಪೊಲೀಸರು ಹಿಡಿದಿದ್ದ ಮಹ್ಸಾ ಅಮೀನಿ ಅನ್ನೋ ಹುಡುಗಿ ಸತ್ತು, ಜನ ಬೀದಿಗೆ ಬಂದ ಮೇಲೆ, ಒಂದೇ ವಾರದಲ್ಲಿ ಅಮೆರಿಕದೋರು ಆ ನಿರ್ಬಂಧದ ನಿಯಮ ಇನ್ನಷ್ಟು ಸಡಿಲ ಮಾಡಿದ್ರು. ಅಂದ್ರೆ ಮಾಡೋಕೆ ಒಂದು ವಾರ ಸಾಕಿತ್ತು! ಸಾಕಿತ್ತು ರೀ!

ಹಾಂ, 2021ರ ನವೆಂಬರ್‌ನಲ್ಲಿ ಎನ್‌ಎಸ್‌ಒನ ಅಮೆರಿಕ ಕಪ್ಪುಪಟ್ಟಿಗೆ ಹಾಕ್ತು, ಅದನ್ನ ಹೇಳ್ಲಿಲ್ಲ ಅಂತ ಬರ್ತೀರ, ಗೊತ್ತು. ಹೇಳ್ತೀನಿ. ಮರು ತಿಂಗಳೇ ಸುದ್ದಿ ಬಂತು, ಅವರದೇ ವಿದೇಶಾಂಗ ಇಲಾಖೆಯ ಕನಿಷ್ಠ ಒಂಬತ್ತು ಜನರ ಫೋನಲ್ಲಿ ಪೆಗಾಸಸ್ ಹೊಕ್ಕಿತ್ತು ಅಂತ. ಮನ್ಸೂರ್ ಫೋನಿಗೆ ಬಂದಾಗ 2016, ಕಪ್ಪುಪಟ್ಟಿಗೆ ಹಾಕಿದಾಗ 2021. ಐದು ವರ್ಷ ಎಲ್ಲಿದ್ರಿ? ಪರೀಕ್ಷೆ ಮಾಡಿ ನೋಡೋಕೆ ಅಂತ ಎಫ್‌ಬಿಐ ತಾನೂ ಪೆಗಾಸಸ್ ಲೈಸೆನ್ಸ್ ಒಂದನ್ನ ತಗೊಂಡಿದ್ದನ್ನ 2022ರಲ್ಲಿ ಒಪ್ಕೊಳ್ತು. ಪರೀಕ್ಷೆಗಂತೆ! ಬಿಲ್ ತೋರ್ಸಿ!

ನೀರು ಕುಡಿತೀನಿ ತಡೀರಿ.

ಏನ್ ಹೇಳ್ತಿದ್ದೆ... ಹಾಂ, ಬಿಲ್. ನೋಡಿ ನಂಗೆ ಯಾರ ಮೇಲೂ ದ್ವೇಷ ಇಲ್ಲ, ಆ ಕಾಮೆಂಟ್ ಅಣ್ಣನ ಮೇಲೂ ಇಲ್ಲ, ಅವರ ಪ್ರೊಫೈಲ್ ಫೋಟೋದಲ್ಲಿ ಒಂದು ಸಿಂಹ ಇದೆ, ಇರ್ಲಿ, ಸಿಂಹ ಒಳ್ಳೇ ಪ್ರಾಣಿ. ಇನ್ನೊಬ್ರು ಕೇಳಿದಾರೆ, ನೀವು ಇಷ್ಟೆಲ್ಲ ಮಾತಾಡ್ತೀರಲ್ಲ ಪರಿಹಾರ ಏನು ಅಂತ. ಅಯ್ಯೋ, ಅರ್ಧ ಗಂಟೆಯಿಂದ ಇನ್ನೇನ್ ಹೇಳ್ತಿದೀನಿ! ಯಾರಿಗೆ ಮಾರೋಕೆ ಲೈಸೆನ್ಸ್ ಕೊಟ್ರಿ ಅಂತ ಪಟ್ಟಿ ಹೊರಗಿಡಿ! ಕೊಡಲ್ಲ ಅಂದೋರ ಪಟ್ಟೀನೂ ಇಡಿ! ಇಷ್ಟೇ! ಸ್ಕ್ರಿಪ್ಟಲ್ಲಿ ಇನ್ನೂ ಮೂರು ಪಾಯಿಂಟ್ ಇದೆ, ಒಂದು ವಾಸೆನಾರ್ ಒಪ್ಪಂದದ್ದು, ಅಂದ್ರೆ ಆಯುಧ, ಬೇಹುಗಾರಿಕೆ ಸಾಮಾನಿನ ರಫ್ತಿಗೆ ಕಡಿವಾಣ ಹಾಕೋಕೆ ಒಂದಷ್ಟು ದೇಶಗಳು ಮಾಡ್ಕೊಂಡಿರೋ ಒಪ್ಪಂದ, ಅದು ಯಾರ ಕೈಯನ್ನೂ ಕಟ್ಟಲ್ಲ, ಇಷ್ಟ ಇದ್ದೋರು ಪಾಲಿಸೋದು, ಮುಗೀತು. ಇನ್ನೆರಡು ಪಾಯಿಂಟ್ ನನ್ ಅಕ್ಷರ ನಂಗೇ ಓದೋಕಾಗ್ತಿಲ್ಲ.

ಮೆಂಬರ್‌ಶಿಪ್ ತಗೊಂಡೋರ ಹೆಸರು ಮುಂದಿನ ಎಪಿಸೋಡಲ್ಲಿ ಓದ್ತೀನಿ, ಹೋದ ಸಲ ಬಿಟ್ಟುಹೋಯ್ತು, ತಪ್ಪಾಯ್ತು. ಮುಂದಿನ ವಾರ ಸೈಬರ್ ಅಪರಾಧದ ಹೊಸ ಒಪ್ಪಂದ, 2024ರ ಡಿಸೆಂಬರ್ 24ಕ್ಕೆ ವಿಶ್ವಸಂಸ್ಥೆಯ ಮಹಾಸಭೆ ಒಪ್ಪಿಕೊಂಡಿದ್ದು, ಅದನ್ನ ಮೊದಲು ಬೇಕು ಅಂತ ಹಟ ಹಿಡಿದಿದ್ದು ರಷ್ಯಾ, ಅದರಲ್ಲೂ ಮಾನವ ಹಕ್ಕು ಅಂತ ಒಂದು ಪ್ಯಾರಾ ಇದೆ. ಆ ಪ್ಯಾರಾನ ಜೋರಾಗಿ ಓದ್ತೀನಿ, ನಗ್ಬೇಡಿ. ಸಿಂಹದ ಅಣ್ಣ, ನೀವೂ ಬನ್ನಿ, ಬರೋವಾಗ ಆ ಇನ್ನೂರು ಲೈಕೂ ಕರ್ಕೊಂಡ್ ಬನ್ನಿ.